ನೀಲಕ್ಕನ ತಗ್ಗಿನ ದಿನ

ನಮ್ಮ ಊರಿನಲ್ಲಿ ಎಲ್ಲರಿಗೂ ತಗ್ಗು ಬರುತ್ತದೆ. ಕೆಲವರಿಗೆ ಏಳು ದಿನಕ್ಕೊಮ್ಮೆ, ಕೆಲವರಿಗೆ ಹನ್ನೆರಡು ದಿನಕ್ಕೊಮ್ಮೆ. ಆ ಒಂದು ದಿನ ಮಾತ್ರ ದನಿ ಒಂದು ಮೆಟ್ಟಿಲು ಕೆಳಗಿಳಿದು, ಖಾಲಿ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸುತ್ತದೆ. ಮರುದಿನ ಹೊತ್ತು ಮೂಡುವುದರೊಳಗೆ ಮತ್ತೆ ಮೊದಲಿನಂತೆ. ಮೈ ತನ್ನೊಳಗಿನ ರೋಗದ ಜೊತೆ ಜಗಳಕ್ಕೆ ಕೂತ ದಿನ ಅದು, ಅವತ್ತು ಅದಕ್ಕೆ ಹೊರಗಿನ ಮಾತಿಗೆ ಪುರಸೊತ್ತಿರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಾಗಿ ನಮ್ಮಲ್ಲಿ ಮದ್ದು ಕೊಡುವುದು ತಗ್ಗಿನ ದಿನವೇ. ಆಸ್ಪತ್ರೆಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ ಮೊದಲು ನರ್ಸಮ್ಮ, "ಎಲ್ಲಿ, ಅ ಆ ಇ ಈ ಅನ್ನು ನೋಡೂಣು" ಅನ್ನುತ್ತಾಳೆ. ದನಿ ಇಳಿದಿರದಿದ್ದರೆ, "ಇನ್ನೂ ಆಗಿಲ್ಲವ್ವಾ, ನಾಡಿದ್ದು ಕರಕೊಂಡು ಬಾ" ಎಂದು ತಾಯಿಯನ್ನು ವಾಪಸು ಕಳಿಸುತ್ತಾಳೆ.

ಮಿಕ್ಕಿದ್ದಕ್ಕೆಲ್ಲ ಊರು ಹೊಂದಿಕೊಂಡುಬಿಟ್ಟಿದೆ. ಮಸೀದಿಯಲ್ಲಿ ಬಾಂಗ್ ಕೂಗುವವರಿಗೆ ತಗ್ಗು ಬಂದರೆ ಅವರ ತಮ್ಮ ಕೂಗುತ್ತಾನೆ. ಮಾಸ್ತರರಿಗೆ ತಗ್ಗು ಬಂದರೆ ಹುಡುಗರಿಗೆ ದಿನವಿಡೀ ಶುದ್ಧಬರಹ. ವಕೀಲರು ಬೇರೆ ತಾರೀಖು ಕೇಳುತ್ತಾರೆ, ಜಡ್ಜರು ಕಾರಣ ಕೇಳದೆ ಕೊಡುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದ ಮೇಲೆ ಕೇಳುವ ಮೊದಲ ಮಾತೇ, "ಹುಡುಗಿದು ಎಷ್ಟು ದಿನದ ತಗ್ಗು?" ತೊಡಕು ಒಂದೇ. ತನ್ನ ತಗ್ಗು ತನಗೆ ಕೇಳಿಸುವುದಿಲ್ಲ. ಪಕ್ಕದಲ್ಲಿದ್ದವರು ಹೇಳಬೇಕು.

ನನ್ನ ಹೆಸರು ವೀರಸಂಗಪ್ಪ. ಊರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಯಾವ ಬಸ್ಸು ಎಷ್ಟಕ್ಕೆ ಬರಬೇಕು, ಎಲ್ಲಿ ನಿಲ್ಲಬೇಕು, ಎಷ್ಟಕ್ಕೆ ಹೊರಡಬೇಕು ಎಂದು ನೋಡುವುದು ನನ್ನ ಕೆಲಸ. ನಾನು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಪಕ್ಕದ ಕುರ್ಚಿಯಲ್ಲಿ ಕೂತು ಮೈಕಿನಲ್ಲಿ ಹೇಳುವವಳು ನೀಲಾಂಬಿಕಾ. ಊರಿಗೆಲ್ಲ ನೀಲಕ್ಕ. ಮದುವೆಯಾಗಿರಲಿಲ್ಲ. ಕಿವಿ ಪೂರ್ತಿ ಹೋದ ತಾಯಿ ಬಾಳವ್ವನ ಜೊತೆ ನಿಲ್ದಾಣದ ಹಿಂದಿನ ಓಣಿಯಲ್ಲೇ ಇದ್ದಳು. ಅವಳು 'ಪ್ರಯಾಣಿಕರ ಗಮನಕ್ಕೆ' ಎಂದರೆ ಚಹಾ ಕುಡಿಯುತ್ತಿದ್ದವರು ಬಟ್ಟಲು ಕೆಳಗಿಟ್ಟು ಕೇಳುತ್ತಿದ್ದರು. ಅಷ್ಟು ಸ್ಪಷ್ಟ, ಅಷ್ಟು ನಿರಾಳ. ಬಸ್ಸು ರದ್ದಾಗಿದೆ ಎಂದು ಹೇಳುವಾಗಲೂ ಇನ್ನೊಂದು ಬರುತ್ತದೆ ಎಂಬ ಭರವಸೆ ಆ ದನಿಯಲ್ಲಿರುತ್ತಿತ್ತು.

ದನಿಯನ್ನು ನಂಬಿ ದುಡಿಯುವವರಿಗೆ ನಮ್ಮ ಊರಿನಲ್ಲಿ ತಗ್ಗಿನ ರಜೆ ಉಂಟು. ನೀಲಕ್ಕ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅದನ್ನು ತೆಗೆದುಕೊಳ್ಳಲಿಲ್ಲ. "ಬಸ್ಸಿಗೆ ತಗ್ಗು ಬರ್ತದೇನು, ಸಂಗಪ್ಪಣ್ಣಾ? ಇಲ್ಲಲ್ಲ. ಮೈಕಿನ ಮುಂದ ಕುಂತಾಗ ನನಗೂ ಇಲ್ಲ" ಅನ್ನುತ್ತಿದ್ದಳು. ತಗ್ಗು ಯಾವತ್ತೆಂದು ತನಗೆ ತಿಳಿಯದ್ದರಿಂದ ದಿನಾ ಜ್ಯೇಷ್ಠಮಧು ಹಾಕಿದ ಬಿಸಿನೀರು ಕುಡಿಯುತ್ತಿದ್ದಳು, ಗದ್ದ ಎತ್ತಿ ಮಾತಾಡುತ್ತಿದ್ದಳು, ಮೈಕನ್ನು ಒಂದಿಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದಳು. ನನಗಂತೂ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಅವಳಿಗೆ ತಗ್ಗೇ ಇಲ್ಲವೇನೋ ಎಂದೇ ನಾನು ನಂಬಿಬಿಟ್ಟಿದ್ದೆ.

ಆಮೇಲೆ ಒಂದು ಬೇಸಿಗೆಯಲ್ಲಿ ಅವಳ ದನಿ ಒಡೆಯಿತು. ಒಂದು ದಿನ ಒಡೆದು ಸರಿಯಾಗಲಿಲ್ಲ, ದಿನದಿಂದ ದಿನಕ್ಕೆ ಗೊಗ್ಗರಾಗುತ್ತ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಉಸಿರಿಗೂ ತೊಂದರೆಯಾಗಿ ದೂರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಂಟಲಿನಲ್ಲಿ ಗಡ್ಡೆ, ಕ್ಯಾನ್ಸರ್ ಎಂದರು. ಉಸಿರಾಡಲು ಕೊರಳಿಗೆ ತೂತು ಮಾಡಿ ನಳಿಕೆ ಇಟ್ಟರು. ಅವತ್ತಿಗೆ ಅವಳ ಮಾತು ನಿಂತಿತು. ಮೂರು ವಾರಕ್ಕೊಂದರಂತೆ ಆರು ಬಾಟಲಿ ಮದ್ದು ಏರಿಸಬೇಕು, ಗಡ್ಡೆ ಕರಗಿದರೆ ಆಪರೇಷನ್, ಇಲ್ಲದಿದ್ದರೆ ಕೈಯಲ್ಲಿ ಏನೂ ಇಲ್ಲ ಎಂದು ಅಲ್ಲಿಯ ತಜ್ಞರು ಹೇಳಿದರು. ಎರಡು ಬಾಟಲಿ ಅಲ್ಲೇ ಆಯಿತು, ತಗ್ಗು ನೋಡದೆ, ಅವರ ವಾರ್ಡಿನ ಪಾಳಿ ಬಂದ ದಿನ. ಎರಡು ಸಲವೂ ನೀಲಕ್ಕ ಹನ್ನೊಂದು ದಿನ ಹಾಸಿಗೆಯಿಂದ ಏಳಲಿಲ್ಲ. ಗಡ್ಡೆ ಮಾತ್ರ ಇದ್ದಷ್ಟೇ ಇತ್ತು.

ಉಳಿದದ್ದನ್ನು ಊರಲ್ಲೇ ಮಾಡಿಸೋಣ ಎಂದು ಅವಳನ್ನು ವಾಪಸು ಕರೆತಂದೆವು. ನಮ್ಮ ಆಸ್ಪತ್ರೆಯ ಡಾಕ್ಟರ್ ಮೆಹರುನ್ನೀಸಾ ಕಾಗದಗಳನ್ನೆಲ್ಲ ಓದಿ, ನೀಲಕ್ಕನ ಕೈ ಹಿಡಿದು ನೋಡಿ, ಕುರ್ಚಿ ಎಳೆದುಕೊಂಡು ಕೂತರು.

"ಇನ್ನ ನಾಕು ಬಾಟಲಿ ಉಳಿದಾವ. ಈ ಮೈ ನಾಕನ್ನೂ ತಡೀಬೇಕಂದ್ರ ಒಂದೂ ದಂಡ ಆಗಬಾರದು. ತಗ್ಗಿನ ದಿನಾನ ಕೊಡಬೇಕು. ನೀಲಕ್ಕ, ನಿಮ್ಮದು ಎಷ್ಟು ದಿನದ್ದು?"

ನೀಲಕ್ಕ ಕಾಗದದ ಮೇಲೆ 'ಒಂಬತ್ತು ಅಂತ ಸಣ್ಣಾಕಿದ್ದಾಗ ಅಪ್ಪ ಅಂತಿದ್ದ' ಎಂದು ಬರೆದಳು.

"ಕಡೀ ಸಲ ಯಾವತ್ತು ಬಂದಿತ್ತು?"

ನೀಲಕ್ಕ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಡಾಕ್ಟರು ಬಾಳವ್ವನ ಕಡೆ ನೋಡಿ, ಅಲ್ಲಿ ಉಪಯೋಗವಿಲ್ಲ ಎಂದು ತಿಳಿದು ನನ್ನ ಕಡೆ ತಿರುಗಿದರು. "ಕಂಟ್ರೋಲರ್ ಸಾಹೇಬ್ರ, ನೀವು ಇಪ್ಪತ್ತು ವರ್ಷ ಇವರ ಬಾಜೂಕ ಕುಂತೀರಿ. ಒಂದ ಒಂದು ದಿನ ನೆನಪ ಮಾಡ್ಕೊಂಡು ಹೇಳ್ರಿ ಸಾಕು."

ನನಗೆ ಒಂದು ದಿನವೂ ನೆನಪಾಗಲಿಲ್ಲ. ಇಪ್ಪತ್ತು ವರ್ಷ ಬಸ್ಸಿನ ಸಮಯ ಬರೆದಿದ್ದೆ. ನಿಮಿಷ ಕೂಡ ತಪ್ಪಿಲ್ಲ. ಒಂದು ಮೊಳ ದೂರದಲ್ಲಿದ್ದ ದನಿಯನ್ನು ಕೇಳುವುದನ್ನೇ ಬಿಟ್ಟಿದ್ದೆ. ನೀಲಕ್ಕ ನನ್ನ ಮುಖ ನೋಡಿ ಏನೋ ಬರೆದು ನನ್ನ ಕೈಗೆ ಕೊಟ್ಟಳು. 'ನಾ ಮುಚ್ಚಿಟ್ಟಿದ್ದೆ ಅಣ್ಣಾ. ನಿನ್ನ ತಪ್ಪಲ್ಲ.' ಅದನ್ನು ಓದಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ, ಜನ ತುಂಬಿದ್ದ ಹೊತ್ತಿನಲ್ಲಿ, ನಾನು ಮೈಕಿನ ಮೇಲಿನ ಬಟ್ಟೆ ತೆಗೆದೆ. ನೀಲಕ್ಕ ಆಸ್ಪತ್ರೆಗೆ ಹೋದಂದಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಕಂಡಕ್ಟರುಗಳೇ ಕೂಗಿಕೊಳ್ಳುತ್ತಿದ್ದರು. ನಾನು ಜನ್ಮದಲ್ಲಿ ಮೈಕಿನಲ್ಲಿ ಮಾತಾಡಿದವನಲ್ಲ. ಬಾಯಿ ಹತ್ತಿರ ಇಟ್ಟೊಡನೆ ಅದು ಕೀಂ ಎಂದು ಚೀರಿ, ಇಡೀ ನಿಲ್ದಾಣ ನನ್ನ ಕೋಣೆಯ ಗಾಜಿನ ಕಡೆ ತಿರುಗಿತು.

"ಪ್ರಯಾಣಿಕರ ಗಮನಕ್ಕೆ" ಎಂದೆ. ಮುಂದೆ ಏನು ಹೇಳಬೇಕೆಂದು ಬರೆದುಕೊಂಡಿದ್ದೆ, ಆದರೆ ಕಣ್ಣಿಗೆ ಅಕ್ಷರ ಹತ್ತಲಿಲ್ಲ. ತೋಚಿದ್ದನ್ನೇ ಹೇಳಿದೆ. "ನಮ್ಮ ನೀಲಕ್ಕಗ ಆರಾಮಿಲ್ಲ. ಆಕಿ ತಗ್ಗಿನ ದಿನ ಯಾವುದು ಅಂತ ಗೊತ್ತಾಗಬೇಕಾಗೇತಿ. ಹಿಂದ ಯಾವತ್ತಾದ್ರೂ ಆಕಿ ದನಿ ತಗ್ಗಿದ್ದು ಯಾರಿಗಾದ್ರೂ ತಾರೀಖ ಸಮೇತ ನೆನಪಿದ್ರ ದಯಮಾಡಿ ಕಂಟ್ರೋಲ್ ರೂಮಿಗೆ ಬರ್ರಿ. ಬಸ್ಸಿನ ಹೊತ್ತಾದ್ರ ನಾ ನಿಲ್ಲಸ್ತೀನಿ."

ಕಾಲು ಗಂಟೆ ಯಾರೂ ಬರಲಿಲ್ಲ. ಬರಲಿಕ್ಕಿಲ್ಲ ಎಂದೇ ನನಗೂ ಅನಿಸಿತು. ಅಷ್ಟರಲ್ಲಿ ಸೌತೆಕಾಯಿ ಮಾರುವ ಗಂಗವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತಳು. "ಸಾಹೇಬ್ರ, ನನ್ನ ಮೊಮ್ಮಗಳು ಹುಟ್ಟಿದ ದಿನ ಆಕಿದು ತಗ್ಗಿತ್ರಿ. ಮಗಳಿಗೆ ಬ್ಯಾನಿ ಸುರು ಆಗಿತ್ತು, ಎಂಟೂವರಿ ಬಸ್ಸಿಗೆ ಓಡಿ ಬಂದ್ವಿ. ನೀಲಕ್ಕ ಆ ಬಸ್ಸಿನ ಹೆಸರು ಹೇಳಿದ್ದು ಇನ್ನೂ ಕಿವ್ಯಾಗೈತಿ. ಕೊಡದಾಗ ಬಾಯಿಟ್ಟು ಅಂದಂಗಿತ್ತು." ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮಗುವಿನ ಚುಚ್ಚುಮದ್ದಿನ ಕಾರ್ಡು ಬಿಚ್ಚಿ ತೋರಿಸಿದಳು. ಹುಟ್ಟಿದ ತಾರೀಖು ಅಚ್ಚುಕಟ್ಟಾಗಿ ಬರೆದಿತ್ತು. ಅದು ನೀಲಕ್ಕನ ದನಿ ಕೆಡುವ ಒಂದು ತಿಂಗಳು ಮೊದಲಿನದು.

ಅವಳ ಹಿಂದೆ ಒಬ್ಬ ನಿವೃತ್ತ ಡ್ರೈವರ್. ತಾನು ಕಡೆಯ ಸಲ ಬಸ್ಸು ಬಿಟ್ಟ ದಿನ ನೀಲಕ್ಕನ ದನಿ ತಗ್ಗಿತ್ತು, ತನ್ನ ಸಲುವಾಗಿಯೇ ತಗ್ಗಿದೆ ಎಂದುಕೊಂಡಿದ್ದನಂತೆ. ಅವನ ಹಿಂದೆ ಮದುವೆಯ ದಿಬ್ಬಣ ಹೊರಡಿಸಿದವನು, ಪರೀಕ್ಷೆಗೆ ಹೋದವಳು, ಆಸ್ಪತ್ರೆಯಿಂದ ಹೆಂಡತಿಯ ಹೆಣ ತಂದವನು. ಮಧ್ಯಾಹ್ನದ ಹೊತ್ತಿಗೆ ಸಾಲು ಚಹಾದಂಗಡಿ ದಾಟಿತ್ತು. ಒಬ್ಬ ಹಳೆಯ ಕಂಡಕ್ಟರ್ ಇನ್ನೊಂದು ಮಾತು ಹೇಳಿದ. "ಆಕಿದು ತಗ್ಗಿದ್ದ ದಿನ ನಾವು ಬಸ್ಸಿನ ಬಾಗಲದಾಗ ನಿಂತು ಇನ್ನೊಂದ ಸಲ ಕೂಗತಿದ್ವಿರಿ. ಆಕಿಗೆ ಗೊತ್ತಾಗದಂಗ, ಆಕಿ ಮೈಕ್ ಬಂದ್ ಮಾಡಿದ ಮ್ಯಾಲೆ." ಅವರು ಕೂಗುತ್ತಿದ್ದದ್ದು ನನಗೂ ಕೇಳಿಸಿತ್ತು. ಬೇರೆ ಕೆಲಸವಿಲ್ಲದೆ ಕೂಗುತ್ತಾರೆ ಎಂದು ಎಷ್ಟೋ ಸಲ ಬೈದಿದ್ದೆ.

ಎರಡನೆಯ ದಿನ ಗೋಪಾಳರಾಯರು ಬಂದರು. ಭೂಮಾಪನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಊರಿಗೆಲ್ಲ ಅರ್ಜಿ ಬರೆಯುವುದಕ್ಕೆ ಹೆಸರಾದವರು. ಬಾಗಿಲಲ್ಲೇ ನಿಂತು ಕನ್ನಡಕ ಒರೆಸಿಕೊಂಡರು.

"ನಾನು ನಿಮಗ ಮೂರು ತಕರಾರು ಅರ್ಜಿ ಕೊಟ್ಟಿದ್ದೆ, ಕಂಟ್ರೋಲರೇ. ಪ್ರಕಟಣೆ ಸ್ಪಷ್ಟ ಕೇಳಲಿಲ್ಲ, ಬಾವಿಯೊಳಗಿಂದ ಬಂದಂಗಿತ್ತು, ಅದಕ್ಕ ಬಸ್ಸು ತಪ್ಪಿತು ಅಂತ. ನೀವು ಒಂದಕ್ಕೂ ಉತ್ತರ ಬರೀಲಿಲ್ಲ." ಚೀಲದಿಂದ ಕಾರ್ಬನ್ ಪ್ರತಿ ಮೂರೂ ತೆಗೆದರು. "ಆ ಹೆಣ್ಣುಮಗಳ ಮ್ಯಾಲೆ ತಕರಾರು ಮಾಡಿದವ ಊರಾಗ ನಾನೊಬ್ಬನ. ನೆನಸಿಕೊಂಡ್ರ ಕಸಿವಿಸಿ ಆಗ್ತದ. ಆದ್ರ ತಾರೀಖ ಖರೇ ಅವ."

"ತಪ್ಪಿದ ದಿನಾನ ಬರದದ್ದೋ, ಮರುದಿನ ಬರದದ್ದೋ, ರಾಯರ?"

"ಸಿಟ್ಟು ಬಂದ ದಿನಾನ ಬರೆಯೋ ಮನುಷ್ಯಾ ನಾನು. ಮರುದಿನಕ್ಕ ಇಡಂಗಿಲ್ಲ."

ಮೂರು ತಾರೀಖನ್ನು ಹರವಿಕೊಂಡು ಕೂತೆ. ಮಾರ್ಚ್ ಮೂರು. ಅದೇ ವರ್ಷದ ಏಪ್ರಿಲ್ ಹದಿನೆಂಟು. ಮರುವರ್ಷದ ಏಪ್ರಿಲ್ ಇಪ್ಪತ್ತೊಂದು. ಮೊದಲನೆಯದಕ್ಕೂ ಎರಡನೆಯದಕ್ಕೂ ನಲವತ್ತಾರು ದಿನ. ಒಂಬತ್ತರ ಲೆಕ್ಕಕ್ಕೆ ಕೂಡುವುದಿಲ್ಲ, ಹತ್ತರ ಲೆಕ್ಕಕ್ಕೂ ಇಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ಮುನ್ನೂರ ಅರವತ್ತೆಂಟು, ಅದೂ ಹಾಗೆಯೇ. ಬಹಳ ಹೊತ್ತು ಕಾಗದ ನೋಡುತ್ತಲೇ ಇದ್ದೆ. ಆಮೇಲೆ ಕಾಗದ ಬಿಟ್ಟು ಬಸ್ಸಿನ ಹಾಗೆ ಯೋಚಿಸಿದೆ. ಪ್ರತಿ ಸುತ್ತಿಗೂ ಐದು ನಿಮಿಷ ತಡವಾಗುವ ಬಸ್ಸು ಒಂದು ಸುತ್ತಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹನ್ನೆರಡು ಸುತ್ತಾದ ಮೇಲೆ ಒಂದು ತಾಸು ಹಿಂದೆ ಬಿದ್ದಿರುತ್ತದೆ. ನೀಲಕ್ಕನ ತಗ್ಗು ಅಂಥ ಬಸ್ಸು. ಒಂಬತ್ತಕ್ಕೆ ಹೊರಡುತ್ತದೆ, ಆದರೆ ಪ್ರತಿ ಸಲ ಚೂರು ತಡ. ನಾಲ್ಕು ಸಲ ಒಂಬತ್ತು, ಐದನೆಯ ಸಲ ಹತ್ತು. ಐದು ಸುತ್ತಿಗೆ ನಲವತ್ತಾರು. ಮುನ್ನೂರ ಅರವತ್ತೆಂಟೆಂದರೆ ನಲವತ್ತಾರರ ಎಂಟು ಪಟ್ಟು!

ಗಂಗವ್ವನ ಮೊಮ್ಮಗಳು ಹುಟ್ಟಿದ ದಿನ ಹಿಡಿದು ಹಿಂದಕ್ಕೆಣಿಸಿದೆ. ರಾಯರ ಮೂರೂ ತಾರೀಖು ಎಣಿಕೆ ನಿಂತ ಕಡೆಯಲ್ಲೇ ಸಿಕ್ಕವು. ಜನ ಹೇಳಿದ ನಲವತ್ತೊಂದು ದಿನದಲ್ಲಿ ಇಪ್ಪತ್ತೊಂಬತ್ತು ಕೂಡಿ ಬಂದವು. ಮುಂದಕ್ಕೆಣಿಸಿದಾಗ ಬರುವ ಶುಕ್ರವಾರ ಬಂತು.

ಸೋಮವಾರ ಆಸ್ಪತ್ರೆಗೆ ಹೋಗಿ ನೀಲಕ್ಕನ ಮಂಚದ ಹತ್ತಿರ ಡಾಕ್ಟರ ಮುಂದೆ ಎಲ್ಲ ಹರವಿದೆ. ಗಂಗವ್ವನೂ ಬಂದಿದ್ದಳು. ಡಾಕ್ಟರು ಎರಡು ಸಲ ಎಣಿಸಿ ನೋಡಿದರು. "ಹನ್ನೆರಡು ಕೂಡಲಿಲ್ಲಲ್ಲ?"

"ಇಲ್ರಿ."

ನೀಲಕ್ಕ ಆ ಹನ್ನೆರಡರ ಪಟ್ಟಿಯನ್ನು ಎಳೆದುಕೊಂಡು ಹೆಸರುಗಳನ್ನು ಓದಿದಳು. ಪಕ್ಕದಲ್ಲಿ ಬರೆದಳು: 'ಇವರಿಗೆ ಏನೂ ನೆನಪಿಲ್ಲ. ನನ್ನ ಮ್ಯಾಲಿನ ಪ್ರೀತಿಗೆ ಬಂದು ಹೇಳ್ಯಾರ.' ಡಾಕ್ಟರು ನಕ್ಕುಬಿಟ್ಟರು. ನೀಲಕ್ಕ ನಗಲಿಲ್ಲ. ಉಳಿದ ಇಪ್ಪತ್ತೊಂಬತ್ತನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ಬರೆದಳು: 'ಹಂಗಾರ ಊರಿಗೆಲ್ಲ ಗೊತ್ತಿತ್ತು?'

ಕಾಗದವನ್ನು ನಾನು ಓದಿ ಹೇಳಿದೆ. ಗಂಗವ್ವ ಮಂಚದ ಹತ್ತಿರ ಬಂದು ಅವಳ ಕೂದಲುದುರಿದ ತಲೆಯ ಮೇಲೆ ಕೈಯಿಟ್ಟಳು. "ಗೊತ್ತಿತ್ತವ್ವಾ. ನೀ ಮುಚ್ಚಿಡಾಕತ್ತಿದ್ದಿ ಅಂತ ನಾವೂ ಮುಚ್ಚಿಟ್ವಿ."

ನೀಲಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಅಳುವಾಗ ಸದ್ದು ಬರುತ್ತಿರಲಿಲ್ಲ, ಕೊರಳಿನ ನಳಿಕೆಯಲ್ಲಿ ಗಾಳಿ ಮಾತ್ರ ಜೋರಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಾನೇ ಎದ್ದು ಕೂತು, ಮುಖ ಒರೆಸಿಕೊಂಡು, ದೊಡ್ಡಕ್ಷರದಲ್ಲಿ 'ಶುಕ್ರವಾರ' ಎಂದು ಬರೆದು ಡಾಕ್ಟರ ಕೈಗಿತ್ತಳು.

ದೊಡ್ಡ ಆಸ್ಪತ್ರೆಯ ಚೀಟಿಯ ಪ್ರಕಾರ ಮೂರನೆಯ ಬಾಟಲಿ ಬುಧವಾರ ಹಾಕಬೇಕಿತ್ತು. ಡಾಕ್ಟರು ಅಲ್ಲಿಯ ತಜ್ಞರಿಗೆ ಫೋನು ಮಾಡಿ, ಎರಡು ದಿನ ತಡ ಮಾಡುತ್ತೇನೆ, ಮುಂದಿನವು ಕೂಡ ಮೂರು ವಾರಕ್ಕಲ್ಲ, ಮೂರು ತಗ್ಗಿಗೊಂದರಂತೆ ಇಪ್ಪತ್ತೇಳು ಇಪ್ಪತ್ತೆಂಟು ದಿನಕ್ಕೆ ಎಂದರು. ಆ ಕಡೆಯ ದನಿ ನಮಗೂ ಕೇಳುವಷ್ಟು ಏರಿತು. ಬಸ್ ನಿಲ್ದಾಣದವರು ಕೂತು ಲೆಕ್ಕ ಹಾಕಿದ್ದನ್ನು ನಂಬಿ ರೋಗಿಯ ಜೀವದ ಜೊತೆ ಆಡುತ್ತೀರಾ ಎಂದು ಅವರು ಕೇಳಿದ್ದು ನನಗೆ ಸ್ಪಷ್ಟವಾಗಿಯೇ ಕೇಳಿಸಿತು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. "ಹೌದು ಸರ್. ಜವಾಬ್ದಾರಿ ನನ್ನದು" ಎಂದು ಫೋನಿಟ್ಟರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬಾಟಲಿ ಏರಿಸಿದರು. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಹನಿ ಬೀಳುವುದನ್ನು ನೋಡಿದೆ. ಲೆಕ್ಕದಲ್ಲಿ ಒಂದು ದಿನ ಆಚೀಚೆಯಾಗಿದ್ದರೆ ಈ ಹನಿಗಳೆಲ್ಲ ಅವಳ ಮೈಯನ್ನೇ ತಿನ್ನುತ್ತವೆ ಎಂಬುದು ತಲೆಯಿಂದ ಹೋಗಲಿಲ್ಲ. ಸಂಜೆ ಅವಳಿಗೆ ಜ್ವರ ಬಂತು. ಶನಿವಾರ ವಾಂತಿ. ಭಾನುವಾರ ನಾನು ಹೆದರಿಕೆಯಿಂದಲೇ ವಾರ್ಡಿಗೆ ಹೋದರೆ ನೀಲಕ್ಕ ಕಿಟಕಿಯ ಪಕ್ಕ ಕೂತು ಬಾಳವ್ವನ ಕೈಯಿಂದ ನುಚ್ಚು ಮಜ್ಜಿಗೆ ತಿನ್ನುತ್ತಿದ್ದಳು. ಮೂರನೆಯ ದಿನ! ಹಿಂದಿನ ಎರಡು ಸಲ ಹನ್ನೊಂದು ದಿನ ಮಲಗಿದ್ದವಳು. ನನ್ನನ್ನು ನೋಡಿ ಬಟ್ಟಲು ಎತ್ತಿ ತೋರಿಸಿದಳು. ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹುಡುಗರಂತೆ ಅತ್ತೆ.

ನಾಲ್ಕನೆಯದಾದ ಮೇಲೆ ಗಂಟಲಿನ ಚಿತ್ರ ತೆಗೆದರು. ಗಡ್ಡೆ ಅರ್ಧಕ್ಕೆ ಇಳಿದಿತ್ತು. ಆರನೆಯದಾದ ಮೇಲೆ ತಜ್ಞರೇ ಫೋನು ಮಾಡಿ, ಇನ್ನು ಕರೆದುಕೊಂಡು ಬನ್ನಿ, ಕತ್ತರಿಸಿ ತೆಗೆಯಬಹುದು ಎಂದರು. ಆದರೆ ದನಿಪೆಟ್ಟಿಗೆಯನ್ನೂ ಪೂರ್ತಿ ತೆಗೆಯಬೇಕಾಗುತ್ತದೆ, ಮಾತು ಮರಳಿ ಬರುವುದಿಲ್ಲ ಎಂದೂ ಹೇಳಿದರು. ಇದನ್ನು ಅವಳಿಗೆ ಹೇಗೆ ಹೇಳುವುದೆಂದು ನಾನೂ ಡಾಕ್ಟರೂ ಒಂದು ಮಧ್ಯಾಹ್ನವೆಲ್ಲ ಒದ್ದಾಡಿದೆವು. ಕಡೆಗೆ ಹೇಳಿದಾಗ ನೀಲಕ್ಕ ಕಾಗದ ಎಳೆದುಕೊಂಡಳು. 'ಇಪ್ಪತ್ತು ವರ್ಷ ಊರಿಗೆಲ್ಲ ಕೇಳೋವಷ್ಟು ಮಾತಾಡೇನಿ. ತಗೀರಿ' ಎಂದು ಬರೆದಳು.

ಇದಾಗಿ ನಾಲ್ಕು ವರ್ಷ. ರೋಗ ಮರಳಿ ಬಂದಿಲ್ಲ. ಆಪರೇಷನ್ ಮಾಡಿದ ತಜ್ಞರು ಒಮ್ಮೆ ನಮ್ಮ ಊರಿಗೇ ಬಂದು, ಕಂಟ್ರೋಲ್ ರೂಮಿನಲ್ಲಿ ನನ್ನ ಎದುರು ಕೂತು, ಆ ನಲವತ್ತಾರರ ಲೆಕ್ಕವನ್ನು ಮೊದಲಿನಿಂದ ಹೇಳಿಸಿಕೊಂಡರು. ನಾನು ಚಹಾ ತರಿಸಿ, ಒಂದೊಂದು ತಾರೀಖನ್ನೂ ಅದನ್ನು ಹೇಳಿದವರ ಹೆಸರು ಸಮೇತ ಹೇಳಿದೆ. ಗೋಪಾಳರಾಯರ ಹೆಸರು ಬಂದಾಗ ಅವರನ್ನು ಕರೆಸಿಯೇ ಪರಿಚಯ ಮಾಡಿಸಿದೆ. ಅಂಥ ಹೆಮ್ಮೆ ನನಗೆ ನೌಕರಿಯಲ್ಲಿ ಎಂದೂ ಆಗಿರಲಿಲ್ಲ.

ನೀಲಕ್ಕ ನಿಲ್ದಾಣಕ್ಕೆ ಮರಳಲಿಲ್ಲ. ಡಾಕ್ಟರ್ ಮೆಹರುನ್ನೀಸಾ ಅವಳನ್ನು ಆಸ್ಪತ್ರೆಗೆ ಕರೆದರು. ಬಾಟಲಿ ಏರಿಸುವ ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಒಬ್ಬೊಬ್ಬ ರೋಗಿಯ ಪಕ್ಕ ಕೂತು ಅವರ ಮಾತು ಕೇಳುವುದು ಅವಳ ಕೆಲಸ. ಕಾಯಿಪಲ್ಲೆ, ಸೊಸೆ, ಜಗಳ, ಏನು ಹೇಳಿದರೂ ಸರಿ. ಯಾರದು ಯಾವತ್ತು ತಗ್ಗುತ್ತದೆ ಎಂದು ಅವಳಷ್ಟು ನಿಖರವಾಗಿ ಹಿಡಿಯುವವರು ಊರಲ್ಲಿ ಇನ್ನೊಬ್ಬರಿಲ್ಲ. ಸುದ್ದಿ ಹರಡಿ ಈಗ ಹೊರಗಿನವರೂ ಬರುತ್ತಾರೆ.

ಹೋದ ತಿಂಗಳು ಬಹಳ ದೂರದಿಂದ ಒಬ್ಬ ತನ್ನ ಹೆಂಡತಿಯನ್ನು ಕರೆತಂದಿದ್ದ. ಎದೆಯ ಗಡ್ಡೆ. ಅವಳ ಹೆಸರು ಚಂಪಾವತಿ. ಗಂಡ ಮೊದಲ ದಿನವೇ, ನೀಲಕ್ಕನನ್ನು ನೋಡಲು ಹೋಗಿದ್ದ ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ನಮ್ಮ ಕಡೆ ಈ ತಗ್ಗು ಗಿಗ್ಗು ಏನೂ ಇಲ್ರಿ. ನಮ್ಮಂಥವರದ್ದು ಇವರಿಗೆ ಹೆಂಗ ತಿಳೀತದ?" ಅದನ್ನೇ ನಾನು ನೀಲಕ್ಕನಿಗೆ ಕೇಳಿದೆ. ಅವಳು ಬರೆದಳು: 'ಅವರಿಗೂ ಐತಿ ಅಣ್ಣಾ. ಅಲ್ಲೆ ಕೂತು ಕೇಳಿದವರಿಲ್ಲ.'

ಹತ್ತು ದಿನ ಅವಳು ಚಂಪಾವತಿಯ ಪಕ್ಕ ಕೂತಳು. ಆ ಹೆಣ್ಣುಮಗಳು ತವರಿನ ಕಥೆ ಹೇಳಿದಳು, ಮಾವಿನ ಉಪ್ಪಿನಕಾಯಿ ಹಾಕುವ ಬಗೆ ಹೇಳಿದಳು, ಒಂದು ದಿನ ಸಾವಿನ ಹೆದರಿಕೆಯ ಬಗ್ಗೆ ಹೇಳಿ ಅತ್ತಳು. ನೀಲಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹನ್ನೊಂದನೆಯ ಬೆಳಿಗ್ಗೆ ನಾನೂ ವಾರ್ಡಿನಲ್ಲಿದ್ದೆ. ಚಂಪಾವತಿ ರಾತ್ರಿ ನಿದ್ದೆ ಚೆನ್ನಾಗಿ ಬಂತು ಎಂದೇನೋ ಹೇಳಲು ಶುರು ಮಾಡಿದಳು. ನೀಲಕ್ಕ ತಟ್ಟನೆ ಕಣ್ಣು ತೆರೆದು ಕೈ ಎತ್ತಿದಳು. ನೂಕುತ್ತಿದ್ದ ಗಾಡಿ ನಿಂತಿತು, ಆಯಾಗಳು ಮಾತು ನಿಲ್ಲಿಸಿದರು, ಡಾಕ್ಟರು ಬಾಗಿಲಲ್ಲೇ ನಿಂತರು.

"ಇನ್ನೊಂದ್ಸಲ ಹೇಳ್ರಿ ಅಕ್ಕಾರ" ಎಂದರು ಡಾಕ್ಟರು ಮೆಲ್ಲಗೆ.

ಚಂಪಾವತಿ ಗಾಬರಿಯಾಗಿ ಅದನ್ನೇ ಮತ್ತೆ ಹೇಳಿದಳು. ನನಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಡಾಕ್ಟರಿಗೂ ಕೇಳಿಸಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ನೀಲಕ್ಕ ಅವರ ಕಡೆ ನೋಡಿ ಹೌದೆಂದು ಒಮ್ಮೆ ತಲೆಯಾಡಿಸಿದಳು. ಡಾಕ್ಟರು ಮತ್ತೇನೂ ಕೇಳದೆ, ನರ್ಸಮ್ಮನ ಕಡೆ ತಿರುಗಿ, "ಇವತ್ತೇ. ಬಾಟಲಿ ತಾ" ಎಂದರು.